ಸುಸ್ವಾಗತದಲ್ಲಿ ಉಳಿದದ್ದು ಗತ

ಟ್ರಾನ್ಸಿಸ್ಟರ್ ಎಂದೂ ನಂಬಿದವರ ಕೈಬಿಡುವುದಿಲ್ಲ ಎಂದು ತಿಳಿದಿದ್ದ ಕಾಲವದು. ಸಿಂದಗಿಯಲ್ಲಿ ನನ್ನದು ರೇಡಿಯೊ, ಟಿವಿ ರಿಪೇರಿ ಅಂಗಡಿ. ತಾಳಿಕೋಟೆಯ ಮಾವ ಬೆನ್ನ ಹಿಂದೆ ನನ್ನನ್ನು 'ಸ್ಕ್ರೂಡ್ರೈವರ್' ಎನ್ನುತ್ತಿದ್ದರು. ಮದುವೆಯಾಗಿ ಏಳು ವರ್ಷವಾದರೂ ಒಂದು ಕೆಲಸವನ್ನೂ ನಂಬಿ ಕೊಟ್ಟಿರಲಿಲ್ಲ. ನಾದಿನಿಯ ಮದುವೆ ಗೊತ್ತಾದಾಗ ನಾನೇ ಮೇಲೆ ಬಿದ್ದೆ.

"ಹಂದರಕ್ಕ ಪೇಂಟರ್ ಬೋರ್ಡ್ ಬ್ಯಾಡ್ರಿ ಮಾವಾರ. 'ಸುಸ್ವಾಗತ' ಅಂತ ಕೆಂಪು ಎಲ್‌ಇಡಿ ದೀಪದಾಗ ಬರೀತೇನಿ."

"ಝಳಕಿಯಿಂದ ಬೀಗರು ಬರ್ತಾರ ಅಳ್ಯಾರ. ಮರ್ಯಾದಿ ನಿಮ್ಮ ಕೈಯಾಗ ಐತಿ," ಎಂದರು ಮಾವ.

ನಾಲ್ಕು ಅಕ್ಷರ, ಅಕ್ಷರಕ್ಕೊಂದರಂತೆ ನಾಲ್ಕು ಟ್ರಾನ್ಸಿಸ್ಟರ್. ಈ ಪುಟ್ಟ ಬಿಡಿಭಾಗದ ಕೆಲಸ ಕಾಲುವೆಯ ತೂಬಿನದು; ದೀಪಕ್ಕೆ ಬೇಕಾದಷ್ಟೇ ಕರೆಂಟು ಬಿಡುವುದು. ಆದರೆ ಒಂದೇ ನಂಬರಿನವಾದರೂ ಒಂದು ಹೆಚ್ಚು ಬಿಡುತ್ತದೆ, ಇನ್ನೊಂದು ಕಡಿಮೆ. ಸಮ ಮಾಡಲು ಪ್ರತಿಯೊಂದರ ಕಾಲಿಗೂ ಚಿಕ್ಕ ರೆಸಿಸ್ಟರ್ ಹಾಕಬೇಕೆಂದು ಡಿಪ್ಲೊಮಾದಲ್ಲಿ ಕಲಿಸಿದ್ದರು. ಪರೀಕ್ಷೆ ಮುಗಿದು ಎಷ್ಟೋ ವರ್ಷವಾಗಿತ್ತು. ಹಾಕಲಿಲ್ಲ.

"ಸು, ಸ್ವಾ ಯಾಕೋ ಮಬ್ಬ ಅದಾವಲ್ರೀ," ಎಂದಳು ಹೆಂಡತಿ ಮಹಾದೇವಿ, ಹಗಲಲ್ಲಿ ಬೋರ್ಡ್ ಹಚ್ಚಿ ನೋಡಿದಾಗ.

"ಬಿಸಲಾಗ ಹಂಗ ಕಾಣ್ತಾವ. ನಿನಗೇನ್ ತಿಳಿತೈತಿ?"

ಮದುವೆಯ ಹಿಂದಿನ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಬೀಗರ ಟೆಂಪೊ ಬಂತು. ನಾನು ಗತ್ತಿನಿಂದ ಸ್ವಿಚ್ ಒತ್ತಿದೆ. ಮೊದಲ ಎರಡಕ್ಷರ ದೂರಕ್ಕೆ ಕಾಣಿಸಲೇ ಇಲ್ಲ. ಉಳಿದೆರಡು ಮಾತ್ರ ಧಗಧಗ ಉರಿದವು.

ಗತ.

ಟೆಂಪೊದಿಂದ ಯಾರೂ ಇಳಿಯಲಿಲ್ಲ. ಬೀಗರ ಕಡೆಯ ಹಿರಿಯರೊಬ್ಬರು ರುಮಾಲು ತೆಗೆದು ಕೈಯಲ್ಲಿ ಹಿಡಿದರು.

"ಯಾರ್ರಿ ಗತ ಆದವರು? ನಮ್ಮ ಬೀಗರೇನು?"

ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಆಗಲೇ ಅಳಲು ಶುರುಮಾಡಿದ್ದಳು. "ಸೂತಕದ ಮನ್ಯಾಗ ಅಕ್ಕಿಕಾಳು ಹ್ಯಾಂಗ ಹಾಕೋದು? ಗಾಡಿ ತಿರಗಸ್ರಿ," ಎಂದರು ಯಾರೋ. ಒಳಗೆ ಅರಿಷಿಣ ಹಚ್ಚಿಕೊಂಡು ಕೂತಿದ್ದ ನಾದಿನಿ ನೆನಪಾದಳು.

ಗಡಿಬಿಡಿಯಲ್ಲಿ ಬೋರ್ಡಿಗೆ ಕರೆಂಟು ಹೆಚ್ಚಿಸುವ ಗುಂಡಿಯನ್ನು ಪೂರ್ತಿ ತಿರುಗಿಸಿದೆ, ಮಬ್ಬಾದವು ಬೆಳಗಲಿ ಎಂದು. 'ಗತ' ಇನ್ನೂ ಜೋರಾಯಿತು! ಮರುಕ್ಷಣ ಫಟ್ ಎಂದಿತು. ಬೋರ್ಡಿನ ಜೊತೆ ಇಡೀ ಹಂದರದ ಫ್ಯೂಸೂ ಹೋಯಿತು. ಅಂತೂ ನಾಲ್ಕೂ ಅಕ್ಷರ ಒಂದೇ ಸಮ ಆದವು.

ಕತ್ತಲಲ್ಲಿ ಮಾವ ಕಂದೀಲು ಹಿಡಿದು ಹೊರಬಂದು ಟೆಂಪೊದ ಮುಂದೆ ನಿಂತರು.

"ನಾ ಗಟ್ಟಿ ಅದೇನಿ, ಇಳೀರಿ ಬೀಗರ. ಗತ ಆದದ್ದು ನಮ್ಮ ಅಳ್ಯಾರ ತಲಿ."

ಬೀಗರು ನಗುತ್ತಾ ಇಳಿದರು. ಮರುದಿನ ಮದುವೆ ಸಾಂಗವಾಗಿ ನಡೆಯಿತು, ಪೇಂಟರ್ ಬರೆದ ಬಟ್ಟೆಯ ಬ್ಯಾನರಿನ ಕೆಳಗೆ. ಮಾವ ಅದನ್ನು ಮೊದಲೇ ಬರೆಸಿ ಟ್ರಂಕಿನಲ್ಲಿ ಮಡಚಿಟ್ಟಿದ್ದರಂತೆ.

"ನಿನಗೂ ಗೊತ್ತಿತ್ತೇನ?" ಎಂದು ಮಹಾದೇವಿಯನ್ನು ಕೇಳಿದೆ.

"ಬ್ಯಾನರಿಗೆ ಬಟ್ಟಿ ತಂದಾಕೀನ ನಾನು," ಎಂದಳು.

ಈಗಲೂ ಆ ಮನೆಯ ಹೊಸ್ತಿಲು ತುಳಿದರೆ ಮಕ್ಕಳು "ಗತ ಮಾಮಾ ಬಂದ್ರು" ಎಂದು ಕೂಗುತ್ತಾ ಒಳಗೆ ಓಡುತ್ತವೆ. ನಾನು ಓ ಅನ್ನುತ್ತೇನೆ. ಮಾವ ಸ್ಕ್ರೂಡ್ರೈವರ್ ಅನ್ನುವುದನ್ನಂತೂ ಬಿಟ್ಟಿದ್ದಾರೆ.