ಗಂಗವ್ವನ ಒಲೆಗೆ ಸಂದ ಗೌರವ

ಸನ್ಮಾನ ಮಾಡುವುದು ಸುಲಭ, ಅದು ಮುಗಿಯುವ ತನಕ ಸನ್ಮಾನಿತರನ್ನು ಕೂಡಿಸಿಕೊಂಡಿರುವುದು ಕಷ್ಟ ಎಂಬುದು ನನ್ನ ಈಚಿನ ಸಿದ್ಧಾಂತ. ನಾನು ನಿವೃತ್ತ ಮಾಸ್ತರ. ಬೇರೆ ಉದ್ಯೋಗವಿಲ್ಲದ್ದರಿಂದ ಬೆಟಗೇರಿಯ ನಮ್ಮ ಓಣಿಯಲ್ಲಿ ಯಾವ ಸಮಿತಿ ಹುಟ್ಟಿದರೂ ನನ್ನನ್ನೇ ಕಾರ್ಯದರ್ಶಿ ಮಾಡುತ್ತಾರೆ. ಶಾಲು ಹೊದಿಸುವಾಗ ಅದರ ಇನ್ನೊಂದು ತುದಿ ಹಿಡಿಯುವುದು ಕಾರ್ಯದರ್ಶಿಯ ಪರಮ ಕರ್ತವ್ಯ. ಹೀಗಾಗಿ ಊರಿನ ಎಷ್ಟೋ ಫೋಟೋಗಳಲ್ಲಿ ನನ್ನ ಅರ್ಧ ಕೈ ಇದೆ. ಮುಖ ಯಾವುದರಲ್ಲೂ ಇಲ್ಲ.

ಈ ಸಲದ ಸಮಿತಿಯ ಉದ್ದೇಶ ಉದಾತ್ತವಾಗಿತ್ತು. ಬಡವರ ಮನೆಯ ಒಲೆಗೆ, ದೀಪಕ್ಕೆ ನೆರವಾದವರನ್ನು ಹುಡುಕಿ ಗೌರವಿಸುವುದು. ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಯೊಬ್ಬರು ಬಡ ಮನೆಗಳಿಗೆ ಬಲ್ಬು ಹಂಚಿದ್ದರು. ಬಿಲ್ಲು ಕಟ್ಟಲಾಗದೆ ಕರೆಂಟು ಕಳೆದುಕೊಂಡ ಮನೆಗಳಿಗೂ ಹಂಚಿದ್ದರು, ಭೇದಭಾವ ಮಾಡಲಿಲ್ಲ. ಅವರ ಹೆಸರು ಚರ್ಚೆಯಿಲ್ಲದೆ ಪಾಸಾಯಿತು. ಎರಡನೆಯ ಹೆಸರು ಹಿಂದಿನ ಓಣಿಯ ಗಂಗವ್ವನದು. ಆಕೆ ರೊಟ್ಟಿ ಮಾಡಿ ಮಾರುವ ಹೆಂಗಸು. ಸಂಜೆ ತನ್ನ ಮಾರಾಟದ ರೊಟ್ಟಿ ಮುಗಿದ ಮೇಲೂ ಒಲೆ ಆರಿಸುವುದಿಲ್ಲ. ಸಿಲಿಂಡರ್ ತುಂಬಿಸಲಾಗದ ಮನೆಯವರು ಹಿಟ್ಟು ತಂದು ಅದೇ ಬೆಂಕಿಯಲ್ಲಿ ತಮ್ಮ ರೊಟ್ಟಿ ಬಡಿದುಕೊಂಡು ಹೋಗುತ್ತಾರೆ. ಅನುಕೂಲವಿದ್ದವರು ಒಂದಿಷ್ಟು ಹತ್ತಿಕಟ್ಟಿಗೆ ತರಬೇಕು, ಇಲ್ಲದವರು ಸುಮ್ಮನೆ ಬರಬಹುದು. ಯಾರು ಇದ್ದವರು, ಯಾರು ಇಲ್ಲದವರು ಎಂಬುದನ್ನು ಗಂಗವ್ವನೇ ಮುಖ ನೋಡಿ ತೀರ್ಮಾನಿಸುತ್ತಾಳೆ. ಮೇಲ್ಮನವಿಗೆ ಅವಕಾಶವಿಲ್ಲ.

ಸನ್ಮಾನದ ಸುದ್ದಿ ಹೇಳಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ. "ಶಾಲು ಉಣ್ಣೀದೇನ್ರಿ, ಬರೇ ಮಿಂಚೂದೋ?"

ಉಣ್ಣೆಯದೇ ಎಂದೆ. "ಹಂಗಾರ ಬರ್ತೀನ್ರಿ. ಖರೆ, ಹೊತ್ತು ಮುಳುಗೂದ್ರಾಗ ನನ್ನ ಬಿಡಬೇಕು. ಒಲಿ ಹಚ್ಚಬೇಕು." ಮಧ್ಯಾಹ್ನ ನಾಲ್ಕಕ್ಕೇ ಶುರು ಎಂದು ವಚನ ಕೊಟ್ಟೆ.

ಆವತ್ತು ಆಕೆ ಇಳಕಲ್ ಸೀರೆಯುಟ್ಟು, ಕುರ್ಚಿ ಹಾಕುವ ಮೊದಲೇ ಬಂದಳು. ಬಾರದವರು ಮುಖ್ಯ ಅತಿಥಿಗಳು. ಮೊದಲ ಫೋನಿಗೆ ಕೊರ್ಲಹಳ್ಳಿಯಲ್ಲಿದ್ದರು, ಮುಂದಿನದಕ್ಕೆ ಮುಂಡರಗಿಯಲ್ಲಿ ಊಟಕ್ಕೆ ಕೂತಿದ್ದರು. ನಾವೇನೂ ಸುಮ್ಮನಿರಲಿಲ್ಲ. 'ಇಂಧನ ಉಳಿಸಿ' ಎಂಬ ಬ್ಯಾನರ್ ಚೆನ್ನಾಗಿ ಕಾಣಲೆಂದು ಬಿಸಿಲಿನಲ್ಲೇ ಜನರೇಟರ್ ಹಚ್ಚಿ ಬ್ಯಾನರಿನ ಮೇಲೆ ದೊಡ್ಡ ದೀಪದ ಬೆಳಕು ಬಿಟ್ಟಿದ್ದೆವು. ಬಿಸಿಲು ಇಳಿಯಿತು. ಗಂಗವ್ವ ಎದ್ದು ನನ್ನ ಹತ್ತಿರ ಬಂದಳು.

"ಮಾಸ್ತರ, ಆ ಶಾಲು ಈಗ ಕೊಟ್ಟಬಿಡ್ರಿ. ಭಾಷಣ ಆಮ್ಯಾಲೆ ಮಾಡ್ಕೋರಿ."

"ಹಂಗ ಬರೂದಿಲ್ಲವ್ವ. ಅತಿಥಿಗಳ ಕೈಲೇ ಆಗಬೇಕು."

"ಅವರ ಕೈಯಾಗ ಏನೈತ್ರಿ? ಶಾಲು ನಿಮ್ಮ ಬಗಲಾಗ ಐತಿ."

ನಾನು ಶಾಲನ್ನು ಇನ್ನೊಂದು ಬಗಲಿಗೆ ಬದಲಾಯಿಸಿದೆ. ಪದ್ಧತಿ ಎಂದರೆ ಪದ್ಧತಿ.

"ಅಲ್ಲಿ ಹಿಟ್ಟು ಹಿಡಕೊಂಡು ಕುಂತಿರ್ತಾರ್ರಿ. ನಿಮ್ಮ ಸಾಹೇಬ್ರು ಉಂಡು ಬರಾಕತ್ತಾರ, ನಮ್ಮ ಕೂಸುಗಳು ಇನ್ನೂ ಉಂಡಿಲ್ಲ," ಎಂದು ಆಕೆ ಹೊರಟೇಬಿಟ್ಟಳು. ಪೆಂಡಾಲಿನ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು, ನನ್ನನ್ನಲ್ಲ, ಶಾಲನ್ನು.

ಅತಿಥಿಗಳು ಕತ್ತಲಾದ ಮೇಲೆ ಬಂದರು. ಬಲ್ಬು ಹಂಚಿದ ವ್ಯಾಪಾರಿಯ ಸನ್ಮಾನ ಮುಗಿದು ಗಂಗವ್ವನ ಹೆಸರು ಕೂಗಿದಾಗ ಕುರ್ಚಿ ಖಾಲಿ. ವೇದಿಕೆಗೆ ತಂದ ಹಾರವನ್ನು ಯಾರ ಕೊರಳಿಗೂ ಹಾಕದೆ ಹೊಳ್ಳಿ ಒಯ್ಯಬಾರದೆಂದು ನಮ್ಮಲ್ಲಿ ಒಂದು ನೇಮವಿದೆ. ಅಧ್ಯಕ್ಷರು ನನ್ನ ಕಿವಿಯಲ್ಲಿ "ಮಾಸ್ತರ, ಬಗ್ರಿ," ಎಂದರು. ಅವರು ಹೇಳಿ ಮುಗಿಸುವ ಮೊದಲೇ ನಾನು ಬಗ್ಗಿದ್ದೆ. ಹಾರ ಬಿತ್ತು, ಶಾಲು ಬಿತ್ತು, 'ಬಡವರ ಒಲೆ ಉರಿಸಿದವರಿಗೆ' ಎಂದು ಕೆತ್ತಿದ ದಪ್ಪ ಕಟ್ಟಿಗೆಯ ಸ್ಮರಣಿಕೆ ಕೈಗೆ ಬಂತು. ಇಂಥವರು ಓಣಿಗೊಬ್ಬರಿದ್ದರೆ ಯಾರೂ ಹಸಿದು ಮಲಗುವುದಿಲ್ಲ ಎಂದು ಅತಿಥಿಗಳು ನನ್ನ ಬೆನ್ನು ತಟ್ಟಿದರು. ಅಂತೂ ಒಂದು ಫೋಟೋದಲ್ಲಿ ನನ್ನ ಮುಖ ಬಂತು.

ಅದೇ ಮುಖ ಹೊತ್ತು ಮನೆಗೆ ಬಂದರೆ ಬಾಗಿಲಿಗೆ ಬೀಗ. ಬೆಳಿಗ್ಗೆ ಹೆಂಡತಿ "ಗ್ಯಾಸು ಮುಗೀತು, ಬುಕ್ ಮಾಡ್ರಿ," ಎಂದದ್ದೂ, ನಾನು "ಬಡವರ ಒಲಿ ಕೆಲಸ ಮುಗೀಲಿ ತಡಿ," ಎಂದದ್ದೂ ಆಗ ನೆನಪಾಯಿತು. ಹಿಂದಿನ ಓಣಿಗೆ ನಡೆದೆ. ಎಲ್ಲರೂ ರೊಟ್ಟಿ ಮಾಡಿಕೊಂಡು ಹೋಗಿದ್ದರು. ಒಲೆಯ ಮುಂದೆ ನನ್ನ ಹೆಂಡತಿ ಒಬ್ಬಳೇ ಹಿಟ್ಟಿನ ಪರಾತ ಇಟ್ಟುಕೊಂಡು ಕೂತಿದ್ದಳು. ಕಟ್ಟಿಗೆ ತೀರಿ ಬೆಂಕಿ ಆರುವುದರಲ್ಲಿತ್ತು.

"ನಿಮ್ಮ ಮನಿ ಕಟ್ಟಿಗಿ ಎಲ್ರಿ ಮಾಸ್ತರ?" ಎಂದಳು ಗಂಗವ್ವ. "ನಿಮ್ದು ಪಿಂಚಣಿ ಬರೂ ಮನಿ. ಸುಮ್ನ ಬರಂಗಿಲ್ಲ. ಇರ್ಲಿ, ಮೊದಲ ಆ ಶಾಲು ಇತ್ತ ತರ್ರಿ."

ಹೊದಿಸಿದೆ. ಇನ್ನೊಂದು ತುದಿಯನ್ನು ನನ್ನ ಹೆಂಡತಿ ಹಿಡಿದಳು. ಗಂಗವ್ವ ಉಣ್ಣೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಖರೆ ಐತಿ ಎಂದು ಒಪ್ಪಿಕೊಂಡು, ಬಳಿಕ ನನ್ನ ಕೈಯಲ್ಲಿದ್ದ ಸ್ಮರಣಿಕೆಯ ಕಡೆ ಕಣ್ಣು ಹಾಯಿಸಿದಳು.

"ಅದು ಒಣಗೇತೇನ್ರಿ?"

ನಾನು ಹೆಂಡತಿಯ ಮುಖ ನೋಡಿದೆ. ಆಕೆ ಹಿಟ್ಟು ನಾದುತ್ತಲೇ, "ಅದರ ಮ್ಯಾಲೆ ಬರೆದದ್ದು ಒಲಿ ಉರಿಸಾಕ ಅಲ್ಲೇನು? ಹಾಕ್ರಿ," ಎಂದಳು.

ಹಾಕಿದೆ. ಸ್ಮರಣಿಕೆ ಚೆನ್ನಾಗಿ ಉರಿಯಿತು, ರೊಟ್ಟಿ ಚೆನ್ನಾಗಿ ಉಬ್ಬಿತು. ಪಾಲಿಶಿನ ವಾಸನೆ ಮಾತ್ರ ಸ್ವಲ್ಪ ಹಿಡಿದಿತ್ತು. ಹಾಗೆಂದು ಹೇಳಲು ಬಾಯಿ ತೆರೆದರೆ, ಸನ್ಮಾನ ಆದವರು ಅಷ್ಟು ಸಹಿಸಿಕೋಬೇಕ್ರಿ ಎಂದು ಹೆಂಡತಿ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.