ಹತ್ತೋದು ಬಂತು, ಇಳಿಯೋದು ಬರಲಿಲ್ಲ

"ನೀ ಮುಂದೆ ನಡೀತಿರು ಮಾವ, ನಾ ಬಂದೆ."

ನನ್ನ ಹೆಂಡತಿ ನನಗೆ ಆಡಿದ ಕಡೇ ಮಾತು ಇದು. ನಾವು ತಮಿಳುನಾಡಿನ ಕಂಬಂ ಕಣಿವೆಯ ಕನ್ನಡದವರು, ನಮ್ಮಲ್ಲಿ ಗಂಡನನ್ನು ಮಾವ ಅಂತಲೇ ಕರೆಯೋದು. ತೋಟದಿಂದ ಮನೆಗೆ ಬರುತ್ತಿದ್ದೆವು. ದಾರಿ ಮಧ್ಯೆ ಹುಣಿಸೆಮರದ ಕೆಳಗೆ ಹೊರೆ ಇಳಿಸೋ ಕಲ್ಲು ಇದೆ. ಎರಡು ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ, ಎದೆಮಟ್ಟಕ್ಕೆ. ಅವಳು ಹುಲ್ಲುಹೊರೆಯನ್ನು ಅದರ ಮೇಲೆ ಜರುಗಿಸಿ ಕೆಳಗೆ ಕುಂತಳು. ನಾನು ಬಾಳೆಗೊನೆ ಕಟ್ಟಿದ ಸೈಕಲ್ ತಳ್ಳಿಕೊಂಡು ಮುಂದೆ ನಡೆದೆ. ತಿರುಗಿ ನೋಡಲಿಲ್ಲ. ಅವಳು ಬರಲಿಲ್ಲ. ಗಾಡಿಯವರು ತಂದರು.

ಹುಲ್ಲುಹೊರೆ ಯಾರಿಗೂ ನೆನಪಾಗಲಿಲ್ಲ. ಮೂರನೇ ದಿನ ಯಾರೋ ಬಂದು ಹೇಳಿದರು, ಒಂದು ಮೇಕೆ ಚಪ್ಪಡಿ ಹತ್ತಿ ನಿಂತು ಹುಲ್ಲೆಲ್ಲ ತಿಂದು ಹಗ್ಗ ಮಾತ್ರ ಬಿಟ್ಟಿದೆಯಂತೆ. ನನಗೆ ನಗು ಬಂತು. ಸಾವಿನ ಮನೆಯಲ್ಲಿ ನಗು ಬಂದರೆ ಏನು ಮಾಡೋದು? ಟವಲು ಬಾಯಿಗೆ ಒತ್ತಿಕೊಂಡೆ. ಅಳ್ತಾನೆ ಅಂದುಕೊಂಡು ನಾಲ್ಕು ಜನ ಬಂದು ತಬ್ಬಿಕೊಂಡರು.

ಅಲ್ಲಿಂದ ಶುರು. ನಗಬಾರದ ವರ್ಷದಲ್ಲೇ ಇಂಥವು ಒಂದರ ಹಿಂದೆ ಒಂದು ಬಂದವು.

ಚೀಟಿ

ಕಾರ್ತಿಕದಲ್ಲಿ ಅವಳು ಹೋದಳು. ಅಂದಿನಿಂದ ನಾನು ಮನೆ ಮುಂದಿನ ತಿಣ್ಣೆ ಮೇಲೆ ಕುಂತವನು ಏಳಲಿಲ್ಲ. ಪಾದ ಊದಿತು. ಮೊಣಕಾಲು ಬಗ್ಗದಾಯಿತು. ಮೂರು ಸಲ ಕೋಲೂರಿಕೊಂಡು ತೋಟಕ್ಕೆ ಹೊರಟೆ. ಮೂರು ಸಲವೂ ಆ ಕಲ್ಲಿನ ಹತ್ತಿರ ಕಾಲು ನಿಂತುಬಿಟ್ಟವು. ತೋಟ ಕಲ್ಲಿನ ಆಚೆ. ವಾಪಸು ಬಂದೆ. ಅವಳ ತಮ್ಮ, ನನ್ನ ಬಾಮೈದ, ತನ್ನ ಬೇಸಾಯ ಬಿಟ್ಟು ನನ್ನ ಬಾಳೆಗೆ ನೀರು ಕಟ್ಟುತ್ತಿದ್ದ.

ನನ್ನ ಅಕ್ಕ ಬಂದಳು. ಬಸ್ಸು ಹತ್ತಿಸಿ ಉತ್ತಮಪಾಳಯಂ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ಕಾಲು ಒತ್ತಿ ನೋಡಿದರು. "ಏನು ಕೆಲಸ ಮಾಡ್ತೀಯ?"

"ಕುಂತಿರ್ತೀನಿ."

"ಇನ್ನಾರು ತಿಂಗಳು ಹಿಂಗೇ ಕುಂತಿರು. ಆಮೇಲೆ ಎತ್ತೋಕೆ ನಾಲ್ಕು ಜನ ಬರ್ತಾರೆ." ಕಾಲು ಬಿಟ್ಟು ಕೇಳಿದರು, "ಮನೇಲಿ ಸೈಕಲ್ ಇದೆಯಾ?"

"ಇದೆ. ಒಂಬತ್ತು ವರ್ಷದಿಂದ. ಪಂಚಾಯ್ತಿ ಲೈಸೆನ್ಸ್ ಬಿಲ್ಲೆ ಸಮೇತ."

"ದಿನಾ ತುಳಿ. ಮಂಡಿಗೆ ಭಾರ ಬೀಳಲ್ಲ."

"ತುಳಿಯೋಕೆ ಬರಲ್ಲ."

"ಮತ್ತೆ ಒಂಬತ್ತು ವರ್ಷ ಏನಯ್ಯಾ ಮಾಡಿದೆ?"

"ತಳ್ಳಿದೆ."

ನಿಜವೇ. ಗೊನೆ ಕಟ್ಟಿದರೆ ಕೂರೋಕೆ ಜಾಗ ಇರುತ್ತಿರಲಿಲ್ಲ. ಬರೀ ಸೈಕಲ್ ಇದ್ದಾಗಲೂ ಅವಳು ಪಕ್ಕದಲ್ಲಿ ನಡೆಯುತ್ತಿದ್ದಳು. ಅವಳು ನಡೆಯುವಾಗ ನಾನು ಹತ್ತೋದೇನು?

ಡಾಕ್ಟರು ತಲೆ ಚಚ್ಚಿಕೊಂಡು ಚೀಟಿ ಬರೆದುಕೊಟ್ಟರು. ಅಕ್ಕನಿಗೆ ಓದು ಬರದು. ಸೀದಾ ಮದ್ದಿನ ಅಂಗಡಿಗೆ ಹೋಗಿ ಚೀಟಿ ನೀಡಿದಳು. ಅಂಗಡಿಯವನು ಓದಿ ವಾಪಸು ಕೊಟ್ಟ.

"ಅಮ್ಮಾ, ಇದು ನಮ್ಮಲ್ಲಿಲ್ಲ. ಎದುರಿಗೆ ಪಂಕ್ಚರ್ ಅಂಗಡೀಲಿ ಕೇಳಿ."

ಹಿಂದೆ ಹಿಡಿದವನು

ಕಲಿಸೋಕೆ ಬಾಮೈದ ಬಂದ. ತನ್ನಕ್ಕ ಸತ್ತಮೇಲೆ ಅವನೂ ಮಾತು ಕಮ್ಮಿ ಮಾಡಿದ್ದ. ಕಾಲುವೆ ಏರಿ ಮೇಲೆ ಹಿಂದಿನ ಕ್ಯಾರಿಯರ್ ಹಿಡಿದು ಓಡುತ್ತಿದ್ದ.

"ಬಾವಾ, ಕೆಳಗೆ ನೋಡಬ್ಯಾಡ. ಮುಂದೆ ನೋಡು."

ಐದು ದಿನ ಬಿದ್ದೆ. ಮೊಣಕೈ ಸುಲಿದು ಹೋಯಿತು. ಆದರೆ ಆ ದಿನಗಳಲ್ಲೇ ಒಂದು ಮಧ್ಯಾಹ್ನ ಇನ್ನೊಂದು ಮುದ್ದೆ ಇಕ್ಕು ಅಂದೆ. ನಮ್ಮಕ್ಕ ಇಕ್ಕಿ, ಒಳಗೆ ಹೋಗಿ ಅತ್ತಳು.

ಆರನೇ ದಿನ ಸೈಕಲ್ ನೆಟ್ಟಗೆ ಹೋಯಿತು. ಮುಂದೆ ನೋಡುತ್ತಾ ಹೋಗುವಾಗ ನನಗೆ ಏನಾಯಿತೋ, ಹಿಂದಿದ್ದವನಿಗೆ ಹೇಳೋಕೆ ಶುರು ಮಾಡಿದೆ. ಯಾರಿಗೂ ಹೇಳಿರಲಿಲ್ಲ. "ನಾ ತಿರುಗಿ ನೋಡ್ಲಿಲ್ಲ ಕಣೋ. ಒಂದು ಸಲ ತಿರುಗಿದ್ರೆ ಆಗ್ತಿತ್ತು. ನಿಮ್ಮಕ್ಕನ್ನ ಅಲ್ಲೇ ಬಿಟ್ಟು ಬಂದೆ." ಅವನು ಮಾತಾಡಲಿಲ್ಲ. ಅಳ್ತಾನೇನೋ ಅಂತ ಇನ್ನೂ ಹೇಳಿದೆ. ಆಮೇಲೂ ಸದ್ದಿಲ್ಲ. ತಿರುಗಿದೆ.

ಅವನು ದೂರದಲ್ಲಿ, ಹೆಬ್ಬೆರಳಷ್ಟು ಕಾಣಿಸುತ್ತಿದ್ದ. ಯಾವಾಗಲೋ ಕೈ ಬಿಟ್ಟಿದ್ದ.

ಧೊಪ್ಪನೆ ಬಿದ್ದೆ. ಅವನು ಓಡಿ ಬಂದ. "ಬಾವಾ, ಒಬ್ನೇ ಬಂದೆ ನೋಡು ಇಷ್ಟು ದೂರ! ಏನೋ ಹೇಳ್ತಿದ್ದಂಗಿತ್ತು?"

"ಬ್ರೇಕ್ ಎಲ್ಲೈತೆ ಅಂತ ಕೇಳ್ದೆ."

ಟಿಕೆಟ್

ತಿಣ್ಣೆ ಮೇಲೆ ಕಾಲಿಟ್ಟು ಸೈಕಲ್ ಹತ್ತೋದು ಕಲಿತೆ. ಇಳಿಯೋದು ಬರಲಿಲ್ಲ. ಬ್ರೇಕ್ ಹಿಡಿದರೆ ಪಕ್ಕಕ್ಕೆ ಉರುಳುತ್ತಿದ್ದೆ. ಹಾಗಾಗಿ ಏನಾದರೂ ಕೈಗೆ ಸಿಕ್ಕಿದ್ದನ್ನು ಹಿಡಿದು ನಿಲ್ಲಿಸುತ್ತಿದ್ದೆ. ಗೋಡೆ, ಹುಲ್ಲುಬಣವೆ, ಒಮ್ಮೆ ಕ್ಷೌರ ಮಾಡಿಸಿಕೊಳ್ಳುತ್ತಿದ್ದವನ ಭುಜ. ಅವನ ಅರ್ಧ ಮೀಸೆ ಹೋಯಿತು.

ಒಂದು ದಿನ ಟೌನ್ ಬಸ್ಸು ನಿಂತಿತ್ತು. ಕಿಟಕಿ ಸರಳು ಹಿಡಿದು ನಿಂತೆ. ಒಳ್ಳೇ ಆಸರೆ. ಅಷ್ಟರಲ್ಲಿ ಬಸ್ಸು ಹೊರಟಿತು. ಬಿಟ್ಟರೆ ಬೀಳ್ತೀನಿ, ಬಿಡದಿದ್ದರೆ ಬಸ್ಸಿನ ಜೊತೆ. ಬಿಡಲಿಲ್ಲ. ಒಳಗಿದ್ದ ಹೆಂಗಸರು ಕೂಗಿಕೊಂಡರು. ಕಂಡಕ್ಟರ್ ಸೀಟಿ ಊದಿ ಬಾಗಿಲಿಂದ ತಲೆ ಹಾಕಿದ.

"ಯಜಮಾನರೇ, ನಿಮಗೆ ಫುಲ್ ಟಿಕೆಟ್ಟಾ, ಇಲ್ಲ ಲಗೇಜಾ?"

ಆಡಿ ಗಾಳಿ

ಆಡಿ ತಿಂಗಳು, ಅಂದರೆ ಆಷಾಢ, ಬಂತು. ಕಂಬಂ ಕಣಿವೆಯ ಆಡಿ ಗಾಳಿ ನಮ್ಮವರಿಗೆ ಗೊತ್ತು. ಪಡುವಲ ಬೆಟ್ಟದಿಂದ ಇಳಿದರೆ ನಿಂತ ಬಾಳೆಯನ್ನೇ ಮಲಗಿಸುತ್ತದೆ. ತೋಟದಲ್ಲಿ ಮರಗಳಿಗೆ ಬೀಳದ ಹಾಗೆ ಕೋಲಿನ ಊರೆ ಕೊಡೋಕೆ ಬಾಮೈದ ಒಬ್ಬನೇ ಒದ್ದಾಡುತ್ತಿದ್ದ. ನಾನು ಹೋಗಬೇಕು. ಕಾಲಿನ ಊತ ಇಳಿದಿತ್ತು. ಆದರೆ ಕಲ್ಲು ದಾಟಲಾರೆ.

ಕಲ್ಲಿಗೆ ಮುಂಚೆ ಒಂದು ಮೋರಿ, ಪಕ್ಕದಲ್ಲಿ ಮರಳು ರಾಶಿ. ಅಲ್ಲಿ ತನಕ ಹೋಗಿ, ಮರಳಲ್ಲಿ ಬಿದ್ದು, ವಾಪಸು ಬರೋದು. ಇಷ್ಟೇ ಅಂದುಕೊಂಡು ಹೊರಟೆ.

ಗಾಳಿ ಬೆನ್ನಿಗೆ ಬಿತ್ತು. ಪಂಚೆಗೆ ಗಾಳಿ ತುಂಬಿ ಮೂಟೆಯಾಯಿತು. ತುಳಿಯುವುದನ್ನು ಬಿಟ್ಟರೂ ಸೈಕಲ್ ಓಡಿತು. ಮೋರಿ ಬಂತು, ಹೋಯಿತು. ಮರಳು ರಾಶಿ ಹೋಯಿತು. ಹುಣಿಸೆಮರ ಕಂಡಿತು. ಕಣ್ಣು ಮುಚ್ಚಿಕೊಂಡೆ.

ಕಣ್ಣು ಬಿಟ್ಟಾಗ ತೋಟದ ಕೆಸರಿನಲ್ಲಿ ಬಿದ್ದಿದ್ದೆ. ಸೈಕಲ್ ನನ್ನ ಮೇಲಿತ್ತು. ಬಾಮೈದ ಗುದ್ದಲಿ ಹಿಡಿದು ಬಾಯಿ ಬಿಟ್ಟು ನಿಂತಿದ್ದ.

"ಬಾವಾ! ಬಂದ್ಬಿಟ್ಟೆ! ಕಲ್ಲು ದಾಟಿ ಬಂದೆ!"

"ನಾನೆಲ್ಲಿ ಬಂದೆ? ನಿಲ್ಸೋಕೆ ಆಗ್ಲಿಲ್ಲ ಕಣೋ."

"ಕಲ್ಲು ನೋಡ್ದ್ಯಾ?"

"ಕಣ್ಣು ಮುಚ್ಕೊಂಡಿದ್ದೆ."

"ಸೈಕಲ್ ಮೇಲಾ!"

ಅವನು ನಗೋಕೆ ಶುರು ಮಾಡಿದ. ತನ್ನಕ್ಕ ಸತ್ತಮೇಲೆ ಅವನು ನಕ್ಕಿದ್ದು ಅದೇ ಮೊದಲು. ಕೆಸರಲ್ಲೇ ಕುಂತುಬಿಟ್ಟ. ನಾನೂ ನಕ್ಕೆ. ಮೂತಿಗೆ ಒತ್ತಿಕೊಳ್ಳೋಕೆ ಟವಲು ಸಿಗಲಿಲ್ಲ, ಗಾಳಿ ಹೊತ್ತುಕೊಂಡು ಹೋಗಿತ್ತು. ನಕ್ಕು ನಕ್ಕು ಇಬ್ಬರೂ ಅತ್ತೆವು. ಸಂಜೆ ಅವನ ಗಾಡಿಯಲ್ಲಿ ಸೈಕಲ್ ಹಾಕಿಕೊಂಡು, ಮೈಲಿಗಟ್ಟಲೆ ಸುತ್ತುವ ಬೇರೆ ದಾರಿಯಿಂದ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಗಾಳಿ ಏಳುವ ಮೊದಲೇ ಹೊರಟೆ. ಕಣ್ಣು ಬಿಟ್ಟುಕೊಂಡೇ ಹೋದೆ. ಹುಣಿಸೆಮರ ಬಂತು. ಬ್ರೇಕ್ ಹಿಡಿದು ಕೈ ಚಾಚಿದೆ. ಚಪ್ಪಡಿ ಸೈಕಲ್ ಮೇಲೆ ಕುಂತವನ ಕೈಗೆ ಸರಿಯಾಗಿತ್ತು. ಅದನ್ನು ಹಿಡಿದು ನಿಂತೆ. ಬೀಳದೆ ಇಳಿದೆ. ಅವಳು ಕುಂತಿದ್ದ ಕಡೆ ಸ್ವಲ್ಪ ಹೊತ್ತು ಕುಂತೆ. ಆಮೇಲೆ ಹೋಗ್ಬತ್ತೀನಿ ಅಂತ ಹೇಳಿ, ಕಲ್ಲು ಹಿಡಿದುಕೊಂಡು ಸೈಕಲ್ ಹತ್ತಿ, ಬಾಳೆಗೆ ಊರೆ ಕೊಡೋಕೆ ಹೋದೆ.