ಜೋಗೇಶ್ವರಿಯನ್ನು ಅಳಿಸಿದ ಆಯುಧಪೂಜೆ

ಬೇಡದ ವಸ್ತು ಕಣ್ಣಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಮುಂಬಯಿಯ ಒಂದೂವರೆ ಕೋಣೆಯಲ್ಲಿ ಸಂಸಾರ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಹೊಸ ಬಕೆಟ್ಟೊಂದು ಒಳಗೆ ಬರಬೇಕಾದರೆ ಹಳೆಯದೇನಾದರೂ ಹೊರಗೆ ಹೋಗಲೇಬೇಕು. ಹಾಗಾಗಿ ಆಗಾಗ ರದ್ದಿವಾಲಾನನ್ನು ಕೂಗಿ ಕರೆದು, ಕೈಗೆ ಸಿಕ್ಕಿದ್ದನ್ನೆಲ್ಲ ಕೊಟ್ಟುಬಿಡುವುದು ನನ್ನ ಅಭ್ಯಾಸ. ಮಗಳ ಅರ್ಧ ಮುಗಿದ ಚಿತ್ರ, ಹೆಂಡತಿ ಹೊಲಿಗೆಗೆಂದು ಕತ್ತರಿಸಿಟ್ಟಿದ್ದ ಕಾಗದದ ಅಳತೆಗಳು, ಒಮ್ಮೆ ನಮ್ಮ ಮಾವನವರ ಹಲ್ಲಿನ ಸೆಟ್ಟಿದ್ದ ಡಬ್ಬಿ ಕೂಡ ಹೀಗೇ ಹೋಗಿವೆ. "ನಿಮ್ಮೊಬ್ಬರನ್ನ ಬಿಟ್ಟು ಮನೇಲಿದ್ದ ಬೇಡದ್ದೆಲ್ಲ ಹೋಯ್ತು" ಎಂದು ಹೆಂಡತಿ ಹೇಳುತ್ತಿದ್ದಳು. ಅದನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡಿದ್ದೆ.

ಆಫೀಸಿನಲ್ಲೂ ಅದೇ ಗುಣ. ತೊಂಬತ್ತರ ಆಸುಪಾಸಿನ ಮಾತು. ಪರೇಲಿನ ಒಂದು ಧರ್ಮಾರ್ಥ ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ನಾನು ಮುಖ್ಯಸ್ಥ. ವಿಭಾಗ ಅಂದರೆ ಒಂದು ಎ.ಸಿ. ಕೋಣೆ, ಅದರೊಳಗೆ ಬೀರುವಿನಷ್ಟು ದೊಡ್ಡ ಯಂತ್ರ, ಹೊರಗೆ ಅದಕ್ಕೆ ಜೋಡಿಸಿದ ಪರದೆ-ಕೀಬೋರ್ಡುಗಳ ಕೆಲವು ಟರ್ಮಿನಲ್ಲುಗಳು, ಮತ್ತು ಪ್ರೋಗ್ರಾಮರ್ ವಾಸಂತಿ ಕುಲಕರ್ಣಿ. ರೋಗಿಗಳು, ಬಿಲ್ಲುಗಳು, ರಕ್ತದಾನಿಗಳು ಎಲ್ಲರನ್ನೂ ಕೋಷ್ಟಕಗಳಲ್ಲಿ ಕೂರಿಸಿ ಒಂದಕ್ಕೊಂದು ನಂಟು ಹಾಕುವ ರಿಲೇಷನಲ್ ಡೇಟಾಬೇಸ್ ಎಂಬುದು ಆಗಷ್ಟೇ ನಮ್ಮಲ್ಲಿಗೆ ಬಂದಿತ್ತು. ಆ ಕೋಷ್ಟಕಗಳು ಡಿಸ್ಕಿನ ಮೇಲೆ ಕೆಲವು ದೊಡ್ಡ ಫೈಲುಗಳಲ್ಲಿ ಇರುತ್ತವೆ. ಫೈಲುಗಳಿಗೆ ಹೆಸರಿಡುವುದರಲ್ಲಿ ನಮ್ಮದೊಂದು ಪದ್ಧತಿ. ಮುಂಬಯಿಯಲ್ಲಿ ಮನುಷ್ಯರನ್ನು ಗುರುತಿಸುವುದೇ ಅವರ ಸ್ಟೇಶನ್ನಿನಿಂದ ತಾನೇ? ಯಾವ ಜೋಶಿ ಅಂದರೆ ಮುಲುಂಡ್ ಜೋಶಿ. ಹಾಗೆಯೇ ಫೈಲನ್ನು ಯಾರು ಮಾಡಿದರೋ ಅವರ ಸ್ಟೇಶನ್ನೇ ಫೈಲಿನ ಹೆಸರು. ಈ ಪದ್ಧತಿ ತಂದವನು ನಾನೇ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ನಾನೇ ತಂದ ಇನ್ನೊಂದು ಪದ್ಧತಿ ಆಯುಧಪೂಜೆಯದು. ನಾವು ಮೈಸೂರಿನ ಕಡೆಯವರು. ಆ ದಿನ ಆಯುಧವನ್ನು ತೊಳೆದು, ಪೂಜೆ ಮಾಡಿ, ವಿಶ್ರಾಂತಿಗೆ ಬಿಡಬೇಕು, ಮುಟ್ಟಬಾರದು ಎಂದು ನಾನು ಆಸ್ಪತ್ರೆಯವರಿಗೆಲ್ಲ ಬೋಧಿಸಿ, ವರ್ಷಾವರ್ಷ ಮಧ್ಯಾಹ್ನದ ಹೊತ್ತಿಗೆ ಯಂತ್ರವನ್ನು ಪೂರ್ತಿ ಬಂದ್ ಮಾಡಿಸುತ್ತಿದ್ದೆ. ಆ ವರ್ಷವೂ ಬೆಳಿಗ್ಗೆ ಬೇಗ ಬಂದು ಕುಳಿತೆ. ಡಿಸ್ಕು ತುಂಬಿಹೋಗಿದೆ ಎಂದು ಯಂತ್ರ ಒಂದೇ ಸಮನೆ ಗೊಣಗುತ್ತಿತ್ತು. ಹಬ್ಬಕ್ಕೆ ಮೊದಲು ಅದರ ಹೊಟ್ಟೆಯನ್ನೂ ಗುಡಿಸಿಬಿಡೋಣ ಅನ್ನಿಸಿತು.

ಮೊದಲು ಚೆಂಬೂರು. ಮಸ್ಕತ್ತಿಗೆ ಹೋದ ಒಬ್ಬ ಹುಡುಗ ಮಾಡಿದ್ದ ಹಳೇ ಬಿಲ್ಲುಗಳ ಫೈಲು. ಅದನ್ನು ಶಾಸ್ತ್ರಪ್ರಕಾರವೇ ತೆಗೆದೆ. ಇದು ಇನ್ನು ಬೇಡ ಎಂದು ಡೇಟಾಬೇಸಿಗೆ ಹೇಳಿ, ಅದು ಕೈಬಿಟ್ಟ ಮೇಲೆ ಫೈಲನ್ನು ಅಳಿಸಿದೆ. ಜಾಗ ಬಂತು. ಕೈಗೆ ಹುರುಪು ಬಂದಿತ್ತು. ಆಗ ಕಣ್ಣಿಗೆ ಬಿದ್ದದ್ದು ಜೋಗೇಶ್ವರಿ. ನಮ್ಮಲ್ಲಿ ಜೋಗೇಶ್ವರಿ ಸ್ಟೇಶನ್ನಿನವರು ಯಾರಿದ್ದಾರೆ? ಯಾರೂ ಇಲ್ಲ. ಬಿಟ್ಟುಹೋದವರ ಪೈಕಿ ಯಾರದೋ ಇರಬೇಕು. ಡೇಟಾಬೇಸನ್ನು ಕೇಳುವ ಗೋಜಿಗೂ ಹೋಗದೆ ನೇರವಾಗಿ ಅಳಿಸಿದೆ. ಆದರೆ ಜೋಗೇಶ್ವರಿ ಹೋಯಿತೇ ಹೊರತು ಜಾಗ ಬರಲಿಲ್ಲ. ಪಟ್ಟಿಯಲ್ಲಿ ಫೈಲಿನ ಹೆಸರಿಲ್ಲ, ಡಿಸ್ಕು ಮಾತ್ರ ಮೊದಲಿನಷ್ಟೇ ತುಂಬಿದೆ ಅನ್ನುತ್ತಿದೆ. ಈ ದರಿದ್ರ ಯಂತ್ರಕ್ಕೆ ಲೆಕ್ಕವೇ ಬರುವುದಿಲ್ಲ ಎಂದು ಬೈದುಕೊಂಡು ಕುಲಕರ್ಣಿಯವರನ್ನು ಕರೆದೆ.

"ಏನ್ ತಗದ್ರಿ ಸರ?" ಎಂದರು.

"ಜೋಗೇಶ್ವರಿ. ಯಾರದೋ ಹಳೇದು."

ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು. "ಅದು ನಂದರೀ ಸರ. ಲಗ್ನಕ್ಕ ಮೊದ್ಲ ನಾ ಜೋಗೇಶ್ವರಿಯೊಳಗ ಇದ್ನಲ್ಲರಿ. ಲಗ್ನಾದ ಮ್ಯಾಲೆ ಘಾಟ್ಕೋಪರಕ್ಕ ಬಂದೀನಿ. ನೀವು ಲಗ್ನಕ್ಕ ಬಂದಿದ್ರಿ, ಎರಡೆರಡು ಸಲ ಹೋಳಿಗಿ ಹಾಕಿಸ್ಕೊಂಡಿದ್ರಿ."

ಹೋಳಿಗೆ ನೆನಪಿತ್ತು, ಊರು ಮರೆತಿತ್ತು. "ಅದರಲ್ಲಿ ಏನಿತ್ತು?" ಎಂದೆ.

"ರಕ್ತದಾನಿಗಳದು ಸರ. ಎಲ್ಲಾರ್ದೂ."

ಸಿಗದ ಗುಂಪಿನ ರಕ್ತ ಬೇಕಾದಾಗ ಯಾರ ಪಕ್ಕದ ಮನೆಗೆ ಫೋನು ಮಾಡಿ ಯಾರನ್ನು ಕರೆಸಬೇಕು ಎಂಬುದೆಲ್ಲ ಅದರಲ್ಲಿತ್ತು. ಮೇಲಿನ ವಾರ್ಡಿನಲ್ಲಿ ಒಬ್ಬ ಹೆಂಗಸಿಗೆ ಹಬ್ಬದ ಮರುದಿನವೇ ಆಪರೇಷನ್, ಅಂಥದೇ ಗುಂಪು, ದಾನಿಗಳನ್ನು ಹುಡುಕಿಕೊಡಿ ಎಂದು ಬ್ಲಡ್ ಬ್ಯಾಂಕಿನ ಡಾಕ್ಟರು ಹಿಂದಿನ ದಿನವೇ ಹೇಳಿದ್ದರು. ನಾವು ನಕಲು ತೆಗೆದಿಟ್ಟಿದ್ದ ಹಳೇ ಟೇಪು ಗಣೇಶೋತ್ಸವದ ರಕ್ತದಾನ ಶಿಬಿರಕ್ಕಿಂತ ಮೊದಲಿನದು. ಶಿಬಿರದಲ್ಲಿ ಬರೆದುಕೊಂಡ ಕಾಗದಗಳನ್ನು ಹಬ್ಬದ ಗುಡಿಸಾಟದಲ್ಲಿ ರದ್ದಿಗೆ ಹಾಕಿದವನು ಯಾರು ಎಂದು ಹೇಳಬೇಕಾಗಿಲ್ಲ.

ನನ್ನ ಟರ್ಮಿನಲ್ಲಿನಿಂದ ಹೊಸದಾಗಿ ಡೇಟಾಬೇಸಿನ ಒಳಗೆ ಹೋಗಿ ದಾನಿಗಳ ಪಟ್ಟಿ ಕೇಳಿದೆ. ಫೈಲು ಸಿಗುತ್ತಿಲ್ಲ ಎಂದಿತು. ಕುಲಕರ್ಣಿ ತಮ್ಮ ಟರ್ಮಿನಲ್ಲಿಗೆ ಓಡಿ ಅದನ್ನೇ ಕೇಳಿದರು. ಹೆಸರುಗಳು ಸಾಲಾಗಿ ಬಂದವು. ನಾನು ಕಣ್ಣುಜ್ಜಿಕೊಂಡೆ. ಅವರು ದನಿ ತಗ್ಗಿಸಿ, ಪರದೆಗೆ ಕೇಳಿಸಬಾರದು ಅನ್ನುವಂತೆ, ಹೇಳಿದರು. "ಹೆಸರಷ್ಟ ಅಳಸೇದರಿ, ಒಳಗಿಂದು ಇನ್ನೂ ಅದ. ನಾ ಮುಂಜಾನೆ ಈ ಸ್ಕ್ರೀನ್‌ನ್ಯಾಗ ಅದನ್ನ ತಗದಿದ್ದೆ, ಡೇಟಾಬೇಸು ಇನ್ನೂ ಹಿಡಕೊಂಡು ಕುಂತದ. ಅದಕ್ಕ ನಿಮಗ ಜಾಗಾ ಬಂದಿಲ್ಲ. ಈ ಸ್ಕ್ರೀನ್ ಬಂದಾತು, ಇಲ್ಲಾ ಮಶೀನ್ ಬಂದಾತು ಅಂದ್ರ ಮುಗೀತು." ಚೆಂಬೂರಿನಿಂದ ಬಿಡುವಾದ ಜಾಗದಲ್ಲಿ ಹೊಸ ಫೈಲು ಮಾಡಿ, ಆ ಒಂದು ಪರದೆಯ ಮೂಲಕವೇ ಇಡೀ ಕೋಷ್ಟಕವನ್ನು ನಕಲು ಮಾಡಲು ಹಚ್ಚಿದರು. ಪರದೆಯ ಮೇಲೆ ಏನೂ ಕಾಣದು, ಕರ್ಸರ್ ಒಂದು ಮಿಣುಕುತ್ತಿತ್ತು. ಅಷ್ಟರಲ್ಲಿ ಬಾಗಿಲು ತೆರೆಯಿತು.

ಬಂದವರು ನಮ್ಮ ಆಡಳಿತಾಧಿಕಾರಿ ಸಾವಂತ್. ಒಂದು ಕೈಯಲ್ಲಿ ಚೆಂಡು ಹೂವಿನ ಮಾಲೆಗಳು, ಇನ್ನೊಂದರಲ್ಲಿ ಒದ್ದೆ ಬಟ್ಟೆ. ಒಂದೊಂದೇ ಟರ್ಮಿನಲ್ಲಿನ ಸ್ವಿಚ್ಚು ಆರಿಸಿ, ಒರೆಸಿ, ಮಾಲೆ ಹಾಕುತ್ತ ನಮ್ಮ ಕಡೆಗೇ ಬಂದರು. ನಾನು ಎದ್ದು ಕುಲಕರ್ಣಿಯವರ ಸ್ವಿಚ್ಚಿಗೆ ಅಡ್ಡ ನಿಂತೆ.

"ರಾವ್ ಸಾಹೇಬ್, ಟ್ರಸ್ಟೀ ಆ ರಹೇ ಹೈ. ಬಂದ್ ಕರೋ ನಾ."

"ನವಮಿ ಇನ್ನೂ ಶುರುವಾಗಿಲ್ಲ" ಎಂದು ಹಿಂದಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದೆ. ಅವರು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಕನ್ನಡಕ ಏರಿಸಿ, ನವಮಿ ನಿನ್ನೆ ರಾತ್ರಿಯೇ ಹತ್ತಿದೆ ಎಂದು ಬೆರಳಿಟ್ಟು ತೋರಿಸಿದರು. ತಿರುಗಿ ನೋಡಿದೆ. ಕರ್ಸರ್ ಮಿಣುಕುತ್ತಲೇ ಇತ್ತು. "ನಿಜವಾದ ಶಾಸ್ತ್ರದಲ್ಲಿ ಯಂತ್ರ ಉಸಿರಾಡುತ್ತಿರುವಾಗಲೇ ಪೂಜೆ ಮಾಡಬೇಕು, ದೀಪ ಆರಿಸಿ ಯಾರಾದರೂ ಆರತಿ ಎತ್ತುತ್ತಾರೆಯೇ?" ಎಂದೆ.

"ಹರ್ ಸಾಲ್ ತೋ ಆಪ್ ಹೀ ಬಂದ್ ಕರವಾತೇ ಥೇ." ವರ್ಷಾವರ್ಷ ಬಂದ್ ಮಾಡಿಸುತ್ತಿದ್ದವರು ನೀವೇ ಅಲ್ಲವೇ ಎಂಬುದು ಅವರ ಪ್ರಶ್ನೆ.

"ಹರ್ ಸಾಲ್ ಗಲತ್ ಥಾ" ಎಂದೆ. ಇಷ್ಟು ವರ್ಷದ ನನ್ನ ಬೋಧನೆಯನ್ನು ತಪ್ಪೆಂದು ನಾಲ್ಕು ಶಬ್ದಗಳಲ್ಲಿ ನಾನೇ ನೀರಿಗೆ ಹಾಕಿದೆ. ಸಾವಂತ್ ನನ್ನನ್ನು ಒಂದು ಥರಾ ನೋಡಿ, ಆಯ್ತೆಂದು ಆ ಟರ್ಮಿನಲ್ಲಿಗೂ ಮಾಲೆ ಹಾಕಿಯೇಬಿಟ್ಟರು. ಹೂವು ಪರದೆಯನ್ನು ಪೂರ್ತಿ ಮುಚ್ಚಿತು. ಟ್ರಸ್ಟಿ ಬಂದರು, ಕರ್ಪೂರ ಹಚ್ಚಿದರು, ಯಂತ್ರದ ಮೈಗೆ ಕುಂಕುಮ ಇಟ್ಟರು. ತೆಂಗಿನಕಾಯಿ ಒಡೆದಾಗ ನೀರು ಪ್ಲಗ್ಗಿನ ಕಡೆಗೆ ಹರಿಯತೊಡಗಿತು. ಅದರ ಮೇಲೆ ನನ್ನ ಕರ್ಚೀಫು, ಕರ್ಚೀಫಿನ ಮೇಲೆ ನನ್ನ ಕಾಲು ಇಟ್ಟು, ಕೈಮುಗಿದು ನಿಂತೆ. ಅಷ್ಟು ಭಕ್ತಿಯಿಂದ ನಾನು ಯಾವ ದೇವಸ್ಥಾನದಲ್ಲೂ ನಿಂತವನಲ್ಲ.

ಎಲ್ಲರೂ ಪೇಡೆ ತಿನ್ನುತ್ತ ಹೊರಗೆ ಹೋದ ಮೇಲೆ ಕುಲಕರ್ಣಿ ಹೂವನ್ನು ಬೆರಳಿನಿಂದ ಸರಿಸಿ ನೋಡಿದರು. ನಕಲು ಮುಗಿದಿತ್ತು. ಹಳೆಯದರಲ್ಲಿ ಎಷ್ಟು ಸಾಲೋ ಹೊಸದರಲ್ಲೂ ಅಷ್ಟೇ. ನಾನು ಒದ್ದೆ ಕರ್ಚೀಫನ್ನು ಹಿಂಡಿ ಜೇಬಿಗೆ ಹಾಕಿಕೊಂಡೆ. ಬದುಕಿದೆ ಅನ್ನಿಸಿತು, ಬದುಕಬೇಕಾದವಳು ಮೇಲಿನ ವಾರ್ಡಿನಲ್ಲಿದ್ದಾಳೆ ಎಂಬುದು ಸ್ವಲ್ಪ ತಡವಾಗಿ ನೆನಪಾಯಿತು.

ಆಗಲೇ ಫೋನು ಬಂತು. ಬ್ಲಡ್ ಬ್ಯಾಂಕಿನ ಡಾಕ್ಟರು. ಓ ನೆಗೆಟಿವ್ ಯಾರಿದ್ದಾರೆ, ತಕ್ಷಣ ಹೇಳಿ ಎಂದರು. ಹೊಸ ಫೈಲಿಗೆ ಅದೇ ಮೊದಲ ಪರೀಕ್ಷೆಯಾಗಲಿ ಎಂದು ನಾನೇ ಠೀವಿಯಿಂದ ಕೀಬೋರ್ಡಿಗೆ ಕೈ ಹಾಕಿ ಕೇಳಿದೆ. ಬಂದದ್ದು ಮೂರೇ ಹೆಸರು. ಒಬ್ಬರು ದಸರೆಗೆ ಊರಿಗೆ ಹೋಗಿದ್ದಾರೆಂದು ಪಕ್ಕದ ಮನೆಯವರು ಹೇಳಿದರು. ಇನ್ನೊಬ್ಬರ ಕಡೆ ಫೋನು ಎತ್ತುವವರೇ ಇಲ್ಲ. ಮೂರನೆಯವರು ಗಣೇಶೋತ್ಸವದ ಶಿಬಿರದಲ್ಲಿ ಟ್ರಸ್ಟಿ ಎದುರಿಗೇ ನಿಂತಿದ್ದರೆಂಬ ಒಂದೇ ಕಾರಣಕ್ಕೆ, ಕಣ್ಣು ಮುಚ್ಚಿಕೊಂಡು, ಜನ್ಮದಲ್ಲಿ ಇದೇ ಕೊನೆ ಎಂದುಕೊಂಡು ಗುಂಪಿನ ಪರೀಕ್ಷೆಗೆ ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಹೆಸರು ಬರೆಸಿದ್ದ ಒಬ್ಬ ರಾವ್ ಸಾಹೇಬ. ಅಷ್ಟು ಪಾಡುಪಟ್ಟು ನಾನು ಉಳಿಸಿದ ಪಟ್ಟಿಯಲ್ಲಿ ಆ ಗಳಿಗೆಗೆ, ದೇವರಾಣೆಗೂ, ಬೇಡದ್ದು ಅಂತ ನನಗೆ ಕಂಡದ್ದು ನನ್ನ ಹೆಸರಿದ್ದ ಒಂದೇ ಒಂದು ಸಾಲು. ಕುಲಕರ್ಣಿ ನನ್ನ ಮುಖ ನೋಡಿದರು. ಕೀಬೋರ್ಡನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.